ಗೋಣಿಚೀಲದ ಲೆಕ್ಕ

ಹಲ್ಲಿನ ಡಾಕ್ಟರು ಚಿದಾನಂದಯ್ಯ ಫೈಲು ತಂದಿದ್ದಾರೆ,
ಬಿಲ್ಲುಗಳೆಲ್ಲ ಪ್ಲಾಸ್ಟಿಕ್ ಹಾಳೆಯೊಳಗೆ, ತಾರೀಖಿನ ಪ್ರಕಾರ.
ದೊಡ್ಡ ಟರ್ಬೊ ಪುಣೆಯಿಂದ, ಸಸ್ಪೆನ್ಷನ್ ಕೊಯಮತ್ತೂರಿನಿಂದ,
ಕಂಪ್ಯೂಟರಿನ ತಲೆ ತಿದ್ದಿದವನಿಗೆ ಅರವತ್ತೆರಡು ಸಾವಿರ,
ಒಟ್ಟು ಹನ್ನೊಂದೂಕಾಲು ಲಕ್ಷ, ಬಣ್ಣ ಬಿಟ್ಟು.
"ನೀವೇ ಹೇಳ್ರಿ ಪೀರಣ್ಣ, ನ್ಯಾಯವಾಗಿ ಎಷ್ಟು?"

ಕೊಳ್ಳಲು ಬಂದ ಹರಿಹರದ ಹುಡುಗ ನಿಜಗುಣ
ಕಾರನ್ನು ಮುಟ್ಟದೆ ಸುತ್ತು ಹಾಕುತ್ತಾನೆ, ನಾಲ್ಕನೇ ಸಲ.
ಮುಟ್ಟಿದರೆ ರೇಟು ಏರುತ್ತದೆಂದು ಯಾರೋ ಹೇಳಿಕೊಟ್ಟಿರಬೇಕು.

ಹಳೇ ಆಕ್ಟೇವಿಯಾ. ಆರ್‌ಸಿಯಲ್ಲಿ ಬಿಳಿ,
ಎದುರಿಗೆ ನವಿಲಿನ ಕತ್ತಿನ ನೀಲಿ.
"ಕಾಗದದ ಪ್ರಕಾರ ಈ ಗಾಡಿ ಬೇರೆ ಎಲ್ಲೋ ನಿಂತೈತಿ ಡಾಕ್ಟ್ರೇ."
ನಗಲಿಲ್ಲ ಯಾರೂ.

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿ.
ಬಿಸಿ ಮಾಡಿ ತಂದ ಎಂಜಿನ್ನು ವಕೀಲರು ಬರೆಸಿದ ಅಫಿಡವಿಟ್ಟು,
ಸುಳ್ಳೇನಿಲ್ಲ, ಪೂರ್ತಿ ಮಾತೂ ಅಲ್ಲ.
ಆರಲಿ ಅಂದೆ. ಮಂಡಕ್ಕಿ ಮಿರ್ಚಿ ತರಿಸಿದೆ.
ಎರಡು ತಾಸು ಮೂವರೂ ಕೂತೆವು,
ಹೆಣ ಕಾಯುವವರ ಹಾಗೆ, ಮೆಣಸಿನಕಾಯಿ ಕಚ್ಚುತ್ತ.

ಅಪ್ಪ ಎತ್ತಿನ ದಲ್ಲಾಳಿ.
ಟವೆಲಿನ ಕೆಳಗೆ ಬೆರಳು ಹಿಡಿದು ಮಾತಾಡುವವನು
ಬಾಯಿಬಿಟ್ಟು ಹೇಳಿದ್ದು ಕಡಿಮೆ:
"ಕೋಡಣಸು ಕಳಚಿಸು, ಆಮೇಲೆ ಕೊಂಬು ನೋಡು."

ತಣ್ಣಗಿನ ಎಂಜಿನ್ನು ಕೆಮ್ಮಿ ಎದ್ದಿತು, ಬಿಳಿ ಹೊಗೆ ಇಲ್ಲ.
ಕಂಪ್ರೆಷನ್ ಗೇಜು ಹಾಕಿದೆ: ನೂರರವತ್ತು, ನೂರರವತ್ತೈದು,
ಮೂರನೆಯದು ನೂರ ಮೂವತ್ತೆಂಟು.
ಡಾಕ್ಟರಿಗೆ ತಾನೇ ತಿಳಿಯಿತು. "ಹುಳುಕಾ?"
"ಹುಳುಕೇ. ಇನ್ನೂ ನೋಯ್ತಿಲ್ಲ, ಅಷ್ಟೇ."

ಆನಗೋಡು ದಾಟಿ ಟೋಲಿನ ಹತ್ತಿರದ ತನಕ ಓಡಿಸಿದೆ.
ಮೂರನೇ ಗೇರಿನಲ್ಲಿ ಬೆನ್ನಿಗೆ ಗುದ್ದಿತು ನೋಡಿ,
ಮೆಕ್ಕೆಜೋಳದ ಹೊಲಗಳೆಲ್ಲ ಒಂದೇ ಹಸಿರು ಗೀರು.
ಅರವತ್ತೊಂದು ನನಗೆ. ಮನಸ್ಸಿನಲ್ಲೇ ಒಂದು ಲಕ್ಷ ಕೂಡಿಸಿದೆ.
ಬ್ರೇಕು ಒತ್ತಿದರೆ ಎಡಕ್ಕೆ ಎಳೆಯಿತು,
ಕೂಡಿಸಿದ್ದನ್ನು ಅಲ್ಲೇ ರಸ್ತೆಬದಿಗೆ ಇಳಿಸಿದೆ.

ಮಿರ್ಚಿಯ ಎಣ್ಣೆ ಹೀರಿದ ಪೇಪರಿನ ಮೇಲೆ ಬರೆದೆ.
ಬಿಚ್ಚಿ ತುಂಡುತುಂಡಾಗಿ ಮಾರಿದರೆ ಐದು ಹತ್ತು.
ಇಡಿಯಾಗಿ, ಓಡುವ ಗಾಡಿಯಾಗಿ, ಎರಡು ತೊಂಬತ್ತು.
"ಇದೆಂಥ ನ್ಯಾಯ?" ಅಂದರು.
"ಹಾಕಿಸಿದ್ದು ನಿಮ್ಮ ಖುಷಿಗೆ, ಆರು ವರ್ಷ ಉಂಡೀರಿ.
ಉಂಡ ಊಟದ ಬಿಲ್ಲು ಯಾರೂ ಕೊಳ್ಳಲ್ಲ ಡಾಕ್ಟ್ರೇ."
ಆಮೇಲೆ, ಏಳುತ್ತ, ಸುಮ್ಮನೆ ಕೇಳಿದೆ:
"ಕಳಚಿದ್ದನ್ನೆಲ್ಲ ಏನು ಮಾಡಿದ್ರಿ?"

ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ತಗ್ಗಿದ ದನಿ:
ಕ್ಲಿನಿಕ್ಕಿನ ಮೆಟ್ಟಿಲ ಕೆಳಗೆ, ಗೋಣಿಚೀಲದಲ್ಲಿ.

ಆಟೋದಲ್ಲಿ ಬಂತು ಚೀಲ, ಹಿಂದೆ ಚಾಚಿಕೊಂಡ ಸೈಲೆನ್ಸರಿನ ಸಮೇತ.
ಕಂಪನಿಯ ಟರ್ಬೊ, ನಾಲ್ಕು ಸ್ಪ್ರಿಂಗು, ಏರ್‌ಬಾಕ್ಸು,
ಒಂದೊಂದಕ್ಕೂ ದಾರ ಕಟ್ಟಿ ಚೀಟಿ, ಡಾಕ್ಟರ ಕೈಬರಹ:
ಮೇಲಿನ ಎಡ. ಕೆಳಗಿನ ಬಲ.
ಒಂದು ಬೋಲ್ಟೂ ಕಳೆದಿಲ್ಲ.
ತುಕ್ಕು ಹಿಡಿದ ಸೈಲೆನ್ಸರಿನ ಮೇಲೆ
ನಿಜಗುಣ ಮೊದಲ ಸಲ ಕೈ ಇಟ್ಟ.

ಎಣ್ಣೆಯ ಪೇಪರು ತಿರುವಿ ಹಾಕಿದೆ.
ಮೂರು ಮೂವತ್ತೈದು.
ಕೂಡಿಸಿದ್ದೆಲ್ಲ ಆ ಚೀಲಕ್ಕೆ.

ಹುಡುಗ ಎಣಿಸಿಕೊಟ್ಟ, ಡಾಕ್ಟರು ಎಣಿಸಲಿಲ್ಲ.
ಬೀಗದ ಕೈ, ಆರ್‌ಸಿ, ಚೀಲ, ಎಲ್ಲ ದಾಟಿದ ಮೇಲೆ
"ಸರ್, ಆ ಬಿಲ್ಲಿನ ಫೈಲು?" ಅಂದ.
"ಅದು ನಿಂಗ್ಯಾಕಪ್ಪ" ಅಂದರು.
ಕಂಕುಳಲ್ಲಿ ಇಟ್ಟುಕೊಂಡು
ಹಳೇ ಪಿ.ಬಿ. ರಸ್ತೆ ದಾಟಿ ನಡೆದೇ ಹೋದರು,
ನಿಂತ ಆಟೋದವನು ಕರೆಯುತ್ತಲೇ ಇದ್ದ.