ಪಿನ್ನು ಮುರಿದ ಬಿಲ್ಲೆ

ಓಬನ್ನಿನ ನನ್ನ ಅಂಗಡಿಗೆ
ಮುರ್ಡಿನಾ ತಂದಳು, ಕರ್ಚೀಪಿನಲ್ಲಿ ಸುತ್ತಿ,
ಗಂಡನ ಟೋಪಿಯ ಬೆಳ್ಳಿ ಬಿಲ್ಲೆ.
ಪಿನ್ನು ಮುರಿದಿತ್ತು.

ನಡುವೆ ಕತ್ತು ಚಾಚಿದ ನೀರುಕಾಗೆ.
ಅದು ಕುಲದ ನಾಯಕನದು, ನಮ್ಮಂಥವರದಲ್ಲ;
ಅದಕ್ಕೇ ಸುತ್ತ ಈ ಬೆಲ್ಟು, ಈ ಬಕಲು,
ತೊಟ್ಟವನು ಬರೀ ಹಿಂಬಾಲಕನೆಂದು.
ಹಕ್ಕಿ ಅವನದು, ಪಟ್ಟಿ ನಮ್ಮದು.

ಪಟ್ಟಿಯ ಮೇಲೆ ಲ್ಯಾಟಿನ್ನು, ಅರ್ಧ ಸವೆದದ್ದು.
ಭೂತಗನ್ನಡಿ ಹಿಡಿದು ಓದಿದೆ:
'ಹಿಂದಿರುಗೆನು.'

ಮುರ್ಡಿನಾ ನಕ್ಕಳು, ಕೆಮ್ಮು ಬರುವಷ್ಟು.
"ಮೂವತ್ತೊಂದು ವರ್ಷ ದೋಣಿ ನಡೆಸಿದ,
ಆ ದಡಕ್ಕೆ, ಈ ದಡಕ್ಕೆ,
ದಿನಕ್ಕೆ ಎಂಟು ಸಲ ಹಿಂದಿರುಗಿದ.
ಒಮ್ಮೆಯಂತೂ ಮಂಜಿನಲ್ಲಿ, ನಡುನೀರಿನಿಂದ,
ಕಟ್ಟೆಯ ಮೇಲೆ ಉಳಿದ ಒಬ್ಬಳಿಗಾಗಿ,
ಕುರಿಗಳು ಅರಚಿ, ಪಾದ್ರಿ ಬೈದರೂ."

ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಅಕ್ಷರ ಮತ್ತೆ ಕೊರೆಯಲೇ ಎಂದೆ.
ಬೇಡವಂತೆ. ಸವೆಯಲಿ.
ಪಿನ್ನು ಮಾತ್ರ ಗಟ್ಟಿ ಇರಲಿ,
ಶಾಲು ಜಾರುತ್ತದೆ,
ಹಡಗುಕಟ್ಟೆಯಲ್ಲಿ ಗಾಳಿ.

ಬಾಗಿಲವರೆಗೆ ಹೋದವಳು
ಹಿಂದಿರುಗಿದಳು:
ಕೊಡೆ ಮರೆತಿದ್ದಳು.