ಊದುಗೊಳವೆ

ಉಲಾನ್ ಬಾತರ್, ಜನವರಿ. ಸೊನ್ನೆಗೆ ಮೂವತ್ತು ಕೆಳಗೆ.
ಗುಡ್ಡದ ಮೈತುಂಬ ಡೇರೆಗಳು, ಡೇರೆಗೊಂದು ಒಲೆ.
ಹೊಗೆ ಮೇಲೇರಲಾರದೆ
ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿಗೆ ಒರಗಿ ನಿಂತಿದೆ.

ಇಲ್ಲಿ ನನ್ನ ಕೆಲಸ ಒಂದೇ ಮಾತು:
ಊದಿ. ಇನ್ನೂ, ಇನ್ನೂ, ನಿಲ್ಲಿಸಬೇಡಿ, ಊದಿ.

ಮೊದಲು ಹುಡುಗ, ಸೊದ್‌ಬಿಲೆಗ್, ಎಂಟು ವರ್ಷ.
ಮೂಗಿನ ಕ್ಲಿಪ್ಪಿಗೆ ನಗು ಬಂದು ಎರಡು ಸಲ ಕೆಟ್ಟಿತು.
ಆಮೇಲೆ ಅಜ್ಜಿ, ಸರಂಗೆರೆಲ್. ನಲವತ್ತು ಚಳಿಗಾಲ
ನಸುಕಿಗೆದ್ದು, ಬೂದಿಗೆ ಬಾಯೊಡ್ಡಿ ಕೆಂಡ ಎಬ್ಬಿಸಿದವಳು.
ಅವಳಿಗೆ ಊದುವುದನ್ನು ಹೇಳಿಕೊಡಬೇಕೆ?
ಆದರೂ ತೆರೆಯ ಮೇಲಿನ ಗೆರೆ ಏರಲಿಲ್ಲ, ತೆವಳಿತು.

ಇಬ್ಬರಿಗೂ ಅದೇ ನೀಲಿ ಪಂಪು, ನಾಲ್ಕು ನಾಲ್ಕು ಸಲ.
ಕಾಲು ಗಂಟೆ ಕಾಯಬೇಕು.
ಚೀಲದಿಂದ ಒಣಮೊಸರಿನ ತುಂಡು ತೆಗೆದು ನನಗೂ ಕೊಟ್ಟಳು,
ಕಲ್ಲಿನಷ್ಟು ಗಟ್ಟಿ.

ಮತ್ತೆ ಊದಿ.
ಹುಡುಗನ ಗೆರೆ ಗುಡ್ಡ ಹತ್ತಿತು.
ಅವಳದು ಇದ್ದಲ್ಲೇ.

ಇಬ್ಬರ ಉಸಿರಿನ ನಾಳವೂ ಊದಿದೆ, ಎಂದೆ.
ಅವನದು ಇಳಿಯುವ ಊತ. ಈ ಕಂದು ಪಂಪು ದಿನಾ ಎರಡು ಹೊತ್ತು,
ಚೆನ್ನಾಗಿರುವ ದಿನವೂ. ಎಳೆದ ಮೇಲೆ ಬಾಯಿ ಮುಕ್ಕಳಿಸಲಿ.
ನಿಮ್ಮದು...
ಪದ ಹುಡುಕುತ್ತಿದ್ದೆ.

"ಗೊತ್ತು ಬಿಡು, ಹಳೇ ಹೊಗೆಕೊಳವೆ.
ತಟ್ಟಿದರೆ ಒಂದಿಷ್ಟು ಮಸಿ ಉದುರೀತು,
ತಗಡು ಹೊಸದಾಗುತ್ತದಾ?
ತಟ್ಟುವ ಔಷಧಿ ಯಾವುದೋ ಅದನ್ನು ಬರಕೊಡು."

ಬರೆದುಕೊಟ್ಟೆ. ಒಲೆಯ ಮಾತೂ ಆಡಿದೆ. ಒಲೆ ಬಿಟ್ಟರೆ
ರಾತ್ರಿಗೆ ಏನು ಎಂದು ಅವಳು ಕೇಳಲಿಲ್ಲ, ನೋಡಿದಳು.
ತನ್ನ ಗೆರೆಯ ಕಾಗದ ಮಡಚಿ ನಿಲುವಂಗಿಯೊಳಗೆ ತುರುಕಿದಳು.
ಅವನದನ್ನು ಮಡಚಲಿಲ್ಲ.

ಮೆಟ್ಟಿಲಿಗೊಮ್ಮೆ ನಿಲ್ಲುವ ಅವಳ ಏದುಸಿರು
ಕೆಳಗಿನವರೆಗೂ ಕೇಳಿಸುತ್ತಿತ್ತು,
ಅದರ ನಡುವೆ ಅವನು:
"ಅಜ್ಜೀ, ಊದೋದ್ರಲ್ಲಿ ನಾನೇ ಗೆದ್ದೆ ಅಲ್ವಾ?"