ಟಕ್

ಜಗದೇವಿ, ನೆನಪದ ಏನು ನಿನಗ,
ಅಪ್ಪ ಸ್ಟೇಷನ್ ಬಜಾರದಿಂದ
ಬಂಡ್ಯಾಗ ಹಾಕ್ಕೊಂಡು ತಂದ ಆ ಹಳೇ ಕೂಲರು?
ಅರ್ಧ ಬಣ್ಣ ಹೋಗಿತ್ತು, ಒಂದು ಕಾಲು ಗಿಡ್ಡ.
ಕೆಳಗ ಶಹಾಬಾದ ಫರ್ಸಿ ಚೂರು ಇಟ್ಟು
"ಈಗ ನಿಂತದ ನೋಡು, ತಹಶೀಲ್ದಾರರಂಗ" ಅಂದಿದ್ದ.

ನಿಂತಿತ್ತು ಖರೆ. ಸುಮ್ಮ ನಿಂತಿದ್ದಿಲ್ಲ.
ಗರ್ರ್ ಅನ್ನೋದು,
ಒಳಗ ನೀರು ತೊಟ್ಟಿಕ್ಕೋದು,
ಹುಲ್ಲು ತೊಯ್ದ ವಾಸನಿ ಬರೋದು,
ಒಂದರಿಂದ ಎಣಸಿದ್ರ ಹದಿನಾಲ್ಕಕ್ಕ
ತಗಡು ತಾನೇ ನಡುಗಿ
ಟಕ್.

ಕಲಬುರ್ಗಿ ಮೇ ತಿಂಗಳು.
ರಾತ್ರಿ ಹನ್ನೊಂದಕ್ಕೂ ಗ್ವಾಡಿ ಮುಟ್ಟಿದ್ರ ಹಂಚಿನಂಗ ಸುಡೋದು.
ಐದು ಮಂದಿ, ಒಂದು ಖೋಲಿ, ಒಂದೇ ಗಾಳಿ.
ಕೂಲರ್ ಎದುರಿನ ಜಾಗಕ್ಕ ನಾವು ಮಾಡಿದ ಜಗಳ
ಆಸ್ತಿಗಿ ಯಾರೂ ಮಾಡಿರಲಿಕ್ಕಿಲ್ಲ.
ನಾ ನಿನ್ನ ಬೆನ್ನು ತಟ್ಟಿ ಎಣಸ್ತಿದ್ದೆ.
ಹತ್ತಕ್ಕ ನಿನ್ನ ಬಾಯಿ ತೆರೀತಿತ್ತು,
ಹನ್ನೆರಡಕ್ಕ ಮುಷ್ಟಿ ಬಿಚ್ಚತಿತ್ತು,
ಟಕ್ ಅನ್ನೋದು ನನ್ನೊಬ್ಬಾಕಿ ಪಾಲಿಗಿ.

ನಡುರಾತ್ರಿ ನೀರು ತೀರಿ
ಒಣ ಗಾಳಿ ಮುಖಕ್ಕ ಹೊಡದಾಗ
ಎದ್ದು ಕೊಡ ಎತ್ತೋದೂ ನನ್ನ ಪಾಲಿಗೇ.

ಈಗ ನಿಮ್ಮ ಮನ್ಯಾಗ ಏಸಿ ಅದ, ಹುಮನಾಬಾದದಾಗ.
ಅದು ಕೆಮ್ಮಂಗಿಲ್ಲ, ಸೀನಂಗಿಲ್ಲ,
ಅದರ ಗಾಳಿಗಿ ಬಾಯೇ ಇಲ್ಲಂತ.
ಮೊದಲ ತಿಂಗಳೇ ನೀ ಫೋನಿನ್ಯಾಗ ಅತ್ತಿದ್ದಿ:
"ಅಕ್ಕಾ, ಇಲ್ಲಿ ಎಲ್ಲಾ ಛಲೋ ಅದ.
ನಿದ್ದಿ ಒಂದೇ ಬರಲ್ದು."

ಮೊಬೈಲಿನ್ಯಾಗ ಮಳಿ ಹಚ್ಚಿ ನೋಡ್ದಿ,
ಒಗ್ಯಾಣ ಎಲ್ಲಿ ಹಾಕಿನೋ ಅಂತ ಎರಡು ಸರ್ತಿ ಎದ್ದಿ.
ಸಮುದ್ರ ಹಚ್ದಿ.
"ಸಮುದ್ರ ನಾ ಯಾವಾಗ ನೋಡೀನಕ್ಕ,
ಕಿವ್ಯಾಗ ನೀರು ಹೊಕ್ಕಂಗ ಆಗ್ತದ."
ಕೊಳಲು ಹಚ್ದಿ,
ಯಾರೋ ಇನ್ನೂ ಎಚ್ಚರ ಅದಾರ ಅನಿಸಿ
ನೀನೂ ಕುಂತಿ.
ನಾ ಕೂಲರಿಂದು ರೆಕಾರ್ಡ್ ಮಾಡಿ ಕಳಿಸಿದೆ,
ಅದು ಒಂಬತ್ತಕ್ಕ ಕಡದು ಮತ್ತ ಒಂದರಿಂದ ಸುರು.
"ಹಳೇದೇ ಬೇಕು" ಅಂದಿ,
"ಜೀವಂತಿದ್ದದ್ದು."

ಅದಕ್ಕಂತೇ ಈ ಡಿಸೆಂಬರ್ ಥಂಡ್ಯಾಗ
ನೀರಿಲ್ಲದ ಕೂಲರ್ ಚಾಲೂ ಮಾಡಿ,
ಎದುರಿಗಿ ಸ್ಟೂಲ್ ಇಟ್ಟು ಫೋನ್ ನಿಲ್ಲಿಸಿ,
ಅಪ್ಪನ ಕಂಬಳಿ, ಅವ್ವನ ಸ್ವೆಟರು, ನನ್ನ ಶಾಲು
ಮೂರೂ ಹೊದ್ಕೊಂಡು ಕುಂತೀನಿ.
ಗ್ವಾಡಿ ಆಚಿಂದ ಖಾಜಾಬಿ ಕೇಳ್ಯಾಳ,
"ಜ್ವರ ಬಂದದೇನು ತಾಯಿ? ತಲಿಗೇರ್ಯಾದ?"
ಹೂಂ ಅಂದೀನಿ. ತಿಳಿಸಿ ಹೇಳ್ಲಾಕ ಹಲ್ಲು ಕಟಕಟ ಅಂತಿದ್ದವು.

ಆ ಕಡಿಂದ ನಿನ್ನ ಉಸಿರು ಕೇಳ್ತದ.
ಉದ್ದ ಆಗ್ತದ. ಇನ್ನೂ ಉದ್ದ.
ಬಂದ್ ಮಾಡ್ಲೇನು? ಎದ್ದರ?
ಇನ್ನೊಂದು ಹದಿನಾಲ್ಕು ಆಗ್ಲಿ ಅಂತೀನಿ,
ಆಮ್ಯಾಲ ಇನ್ನೊಂದು.

ಎರಡೂವರಿಗಿ ಕರೆಂಟ್ ಹೋಯ್ತು.

ಖೋಲಿ ಒಮ್ಮೆಲೇ ಬಾವಿ ಆದಂಗಾತು.
ರೆಕ್ಕಿ ಸಾವಕಾಶ ತಿರಿಗಿ, ತಿರಿಗಿ, ನಿಂತು,
ಅತ್ತ ಕಡಿ ಹಾಸಗಿ ಸರಿದಾಡಿ
ನಿನ್ನ ದನಿ: "ಅಕ್ಕಾ? ಹನ್ನೊಂದಕ್ಕ ನಿಂತಿತು."

ಎಣಸ್ತಿದ್ದೀಯೇನ? ಮಲಗಿದ್ದಿಲ್ಲೇನ?

"ಅವಾಗೂ ಮಲಗತಿದ್ದಿಲ್ಲಕ್ಕ.
ಟಕ್ ಅನ್ನೂತನಾ ಎಚ್ಚರೇ ಇರ್ತಿದ್ದೆ.
ಕಣ್ಣು ಬಿಟ್ಟಿದ್ರ
ನೀರು ಹಾಕೋ ಪಾಳಿ ನನಗ ಬರ್ತಿತ್ತಲ್ಲ."

ಹದಿನೆಂಟು ಬ್ಯಾಸಗಿ.
ಎಷ್ಟು ಕೊಡ ಆಗಿರಬೇಕು ಅಂತ
ಕತ್ತಲದಾಗ ಲೆಕ್ಕ ಹಾಕ್ಲಾಕ ಹೋಗಿ
ಬೈಲಾಕ ಬಾಯಿ ತೆರದಾಕಿ
ಗರ್ರ್ ಅಂದೆ.

ನೀ ನಕ್ಕಿ. ನಾ ನಗಲಿಲ್ಲ, ಉಸಿರು ತಪ್ಪತಿತ್ತು.
ಬಾಯಿಲೇ ಗರ್ರ್ ಅನಕೋತ, ಮನಸ್ಸಿನ್ಯಾಗ ಎಣಿಸಿ,
ಹದಿನಾಲ್ಕಕ್ಕ
ತಣ್ಣಗಿನ ತಗಡಿಗಿ ಉಗುರಿಲೇ ಬಡದೆ.

ಗ್ವಾಡಿ ಆಚಿಂದ ಖಾಜಾಬಿ,
ನಿದ್ದಿಗಣ್ಣಿನ್ಯಾಗ:
"ಲೈಟ್ ಬಂತೇನಮ್ಮಾ?"